ದುರ್ಯೋಧನನ ಪಾತ್ರಕ್ಕೆ ಎಷ್ಟು?

ರಾಗಿ ಕಣ ಮುಗಿದು ಕೈಗೆ ಒಂದಿಷ್ಟು ಬಿಡುವು ಸಿಕ್ಕಿತೆಂದರೆ ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಸದ್ದು ಶುರುವಾಗುತ್ತದೆ. ಊರ್ಡಿಗೆರೆ ಕಡೆಯಾಗಲಿ, ಗುಬ್ಬಿ, ಕುಣಿಗಲ್ ಕಡೆಯಾಗಲಿ, ದೇವಸ್ಥಾನದ ಮುಂದೆಯೋ ಶಾಲೆಯ ಜಗಲಿಯಲ್ಲೋ ಡ್ರಾಮಾ ಮೇಷ್ಟ್ರು ಕೂತು ‘ಕುರುಕ್ಷೇತ್ರ’ದ ಕಂದ, ಸೀಸ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪಾಠಕ್ಕೂ ಮೊದಲು ಒಂದು ವ್ಯವಹಾರ ಮುಗಿದಿರುತ್ತದೆ. ಅದು ಪಾತ್ರ ಹಂಚುವುದು. ನಮ್ಮ ಕಡೆ ಹವ್ಯಾಸಿ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ದುಡ್ಡು ಹಾಕಿ ಪಾತ್ರ ಹಿಡಿಯಬೇಕು. ಹಾಡು ಜಾಸ್ತಿ, ಕಿರೀಟ ದೊಡ್ಡದು ಇರುವ ದುರ್ಯೋಧನ, ಕೃಷ್ಣ, ಕರ್ಣರಿಗೆ ಹೆಚ್ಚು. ಎರಡು ಮಾತಾಡಿ ಒಳಗೆ ಹೋಗುವ ಸೈಂಧವನಿಗೆ ಕಮ್ಮಿ. ಆ ಹಣದಲ್ಲೇ ಸೀನರಿಯವರ ಬಾಡಿಗೆ, ಮೇಷ್ಟರ ಸಂಭಾವನೆ, ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯ ಸಂಭಾವನೆ, ಮೈಕು, ಲೈಟು ಎಲ್ಲ ತೂಗಬೇಕು. ನಾಟಕದ ರಾತ್ರಿ ನೆಂಟರಿಷ್ಟರು ಸ್ಟೇಜು ಹತ್ತಿ ಹಾರ ಹಾಕುತ್ತಾರೆ, ಎದೆಗೆ ನೋಟು ಪಿನ್ ಮಾಡುತ್ತಾರೆ. ಹದಿನೆಂಟು ಅಕ್ಷೋಹಿಣಿ ಸೈನ್ಯವೂ ಅಲ್ಲಿಯತನಕ ಯುದ್ಧ ನಿಲ್ಲಿಸಿ ಕಾಯುತ್ತದೆ.

ಹೀಗಾಗಿ ಯಾವುದಾದರೂ ಚಾನೆಲ್ಲು ‘ಸಾಮಾನ್ಯ ಜನರನ್ನು ವೇದಿಕೆ ಹತ್ತಿಸಿದ್ದು ನಾವು’ ಎಂದು ಹೇಳಿಕೊಂಡಾಗ ತುಮಕೂರು ಜಿಲ್ಲೆಯವರಿಗೆ ಸ್ವಲ್ಪ ನಗು ಬರಬೇಕು. ಇಲ್ಲಿ ಕಂಡಕ್ಟರು, ಅಡಿಕೆ ವ್ಯಾಪಾರಿ, ಪಂಚಾಯ್ತಿ ಮೆಂಬರು, ಹಾಲಿನ ಡೇರಿ ಕಾರ್ಯದರ್ಶಿ ಎಲ್ಲರೂ ಯಾವುದೋ ಒಂದು ವರ್ಷ ಭೀಮನಾಗಿಯೋ ವಿದುರನಾಗಿಯೋ ಬಣ್ಣ ಹಚ್ಚಿದವರೇ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದಾಗ ಜಗತ್ತಿನಲ್ಲಿ ಸಿನಿಮಾ ಕೂಡ ಇರಲಿಲ್ಲ. ಹುಡುಗನಾಗಿ ಆ ಕಂಪನಿ ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಮಾಲೀಕರಾಗಿ, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದರು. ರಾಜಕುಮಾರ್, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಆ ಕಂಪನಿಯ ಅನ್ನ ಉಂಡು ಬೆಳೆದವರು. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ, ಪೌರಾಣಿಕ ನಾಟಕದ ಪೋಸ್ಟರುಗಳು ಇವತ್ತಿಗೂ ಊರಿನ ಗೋಡೆ ಬಿಟ್ಟು ಹೋಗಿಲ್ಲ.

ಹಾಗಾದರೆ ರಿಯಾಲಿಟಿ ಶೋ ತಂದ ಹೊಸದೇನು? ಶಕುನಿ ಪಾತ್ರ ಹಿಡಿದವನಿಗೆ ತಾನು ಶಕುನಿ ಎಂದು ಮೊದಲೇ ಗೊತ್ತು. ಮೂರನೇ ಅಂಕದಲ್ಲಿ ಏನು ಹೇಳಬೇಕು, ಕೊನೆಗೆ ಯಾರ ಕೈಯಲ್ಲಿ ಸಾಯಬೇಕು ಎನ್ನುವುದೂ ಗೊತ್ತು. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆದು, ಏಳು ಗಂಟೆಗೆ ಡೇರಿಗೆ ಹಾಲು ಹಾಕಲು ಹೋಗುತ್ತಾನೆ. ರಿಯಾಲಿಟಿ ಶೋನಲ್ಲಿ ಪಾತ್ರದ ಹೆಸರೂ ನಿಮ್ಮ ಹೆಸರೂ ಒಂದೇ. ನೀವು ಶಕುನಿಯೋ ಧರ್ಮರಾಯನೋ ಎಂಬುದು ನಿಮಗೇ ಗೊತ್ತಿರುವುದಿಲ್ಲ. ಅದನ್ನು ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತವರು ತೀರ್ಮಾನಿಸುತ್ತಾರೆ. ಶೋ ಮುಗಿದು ಹೊರಗೆ ಬಂದಾಗ ಬಣ್ಣ ತೆಗೆಯುವ ಎಣ್ಣೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದು ನೋಡಿದರೆ ಈ ಕಾರ್ಯಕ್ರಮಗಳು ಸಮಾಜಕ್ಕೆ ಏನು ಮಾಡಿವೆ ಎಂಬುದು ‘ಒಳ್ಳೆಯದು, ಕೆಟ್ಟದು’ ಎಂಬ ಜಗಳಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಈ ಬಗೆಯ ಕಾರ್ಯಕ್ರಮದ ಹುಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ 1948ರಲ್ಲೇ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ಕಾರ್ಯಕ್ರಮ ದಾರಿಹೋಕರನ್ನು ಬೇಸ್ತು ಬೀಳಿಸಿ ಕದ್ದು ಚಿತ್ರಿಸುತ್ತಿತ್ತು. 1973ರಲ್ಲಿ ಒಂದು ಕುಟುಂಬದ ಮನೆಯೊಳಗೇ ಕ್ಯಾಮೆರಾ ಹೊಕ್ಕು, ಗಂಡ ಹೆಂಡತಿ ದೂರವಾಗುವುದನ್ನು ದೇಶಕ್ಕೆ ತೋರಿಸಿತು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಬಂದ ಮೇಲೆ ಇದು ಅಂತರರಾಷ್ಟ್ರೀಯ ವ್ಯಾಪಾರವೇ ಆಯಿತು. ಅಲ್ಲಿ ಮಾರಾಟಕ್ಕಿರುವುದು ಕಾರ್ಯಕ್ರಮವಲ್ಲ, ಕಾರ್ಯಕ್ರಮದ ಅಚ್ಚು. ಮನೆ ಹೇಗಿರಬೇಕು, ಗಡಿಯಾರ ಇರಬಾರದು, ನಾಮಿನೇಷನ್ ಹೇಗೆ, ದನಿ ಮಾತ್ರ ಕೇಳಿಸಿ ಮುಖ ಕಾಣಿಸದ ಯಜಮಾನ ಹೇಗೆ ಮಾತಾಡಬೇಕು, ಎಲ್ಲ ಬರೆದಿಟ್ಟ ಅಚ್ಚು. ದುಡ್ಡು ಕೊಟ್ಟವರು ತಮ್ಮ ಭಾಷೆಯ ಮಣ್ಣನ್ನು ಅದಕ್ಕೆ ತುಂಬಿಕೊಳ್ಳಬಹುದು. ಹಿಂದಿಯಲ್ಲಿ 1995ರ ‘ಸರೆಗಮ’, 2000ದ ‘ಕೌನ್ ಬನೇಗಾ ಕರೋಡ್‌ಪತಿ’, 2006ರ ‘ಬಿಗ್ ಬಾಸ್’ ಸಾಲಾಗಿ ಬಂದವು. 2007ರಲ್ಲಿ ನಮ್ಮ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ ಇಂಗ್ಲೆಂಡಿನ ಬಿಗ್ ಬ್ರದರ್ ಮನೆಯಲ್ಲಿ ಜನಾಂಗೀಯ ಮಾತು ಕೇಳಬೇಕಾಗಿ ಬಂದು, ನಲವತ್ತು ಸಾವಿರಕ್ಕೂ ಹೆಚ್ಚು ದೂರು ದಾಖಲಾಗಿ, ಕೊನೆಗೆ ಅವರೇ ಗೆದ್ದದ್ದು ಹಲವರಿಗೆ ನೆನಪಿರಬಹುದು.

ಕನ್ನಡದ ಮಟ್ಟಿಗೆ ಆರಂಭ ಇಷ್ಟು ಗದ್ದಲದ್ದಾಗಿರಲಿಲ್ಲ. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದಾಗ ತಪ್ಪು ಹಾಡಿದ ಮಗುವನ್ನು ತಿದ್ದುವಾಗಲೂ ಮನೆಯ ಹಿರಿಯರಂತೆ ತಿದ್ದುತ್ತಿದ್ದರು. ಹಾಡಿನ ರಾಗ, ರಚನೆ, ಮೊದಲು ಹಾಡಿದವರು ಯಾರು ಎಂಬ ಪಾಠವೂ ಜೊತೆಗೆ ಸಿಗುತ್ತಿತ್ತು. ದೂರದರ್ಶನ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನವೆಂದರೆ ಪುಸ್ತಕ. ಅಲ್ಲಿ ಸೋತವರು ಅಳುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುವುದೂ ಇಲ್ಲ. ಜನ ನೋಡುತ್ತಲೇ ಇದ್ದಾರೆ.

ವೇಗ ಬಂದದ್ದು 2010ರ ಆಸುಪಾಸಿನಲ್ಲಿ. ಅದಕ್ಕೆ ಕನ್ನಡದ್ದೇ ಆದ ಒಂದು ಕಾರಣವಿತ್ತು, ಅದನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಡಬ್ಬಿಂಗ್ ಬೇಡ ಎಂಬ ಕನ್ನಡ ಚಿತ್ರರಂಗದ, ಕಿರುತೆರೆಯ ಪಟ್ಟು ಆಗ ಬಿಗಿಯಾಗಿತ್ತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಲ್ಲಿ ಡಬ್ ಆಗಿ ಬಂದರೂ ಕನ್ನಡದಲ್ಲಿ ಬರಲಾಗಲಿಲ್ಲ. ಆದರೆ ಹೊರಗಿನ ಅಚ್ಚನ್ನು ತಂದು ಕನ್ನಡದವರನ್ನೇ ಹಾಕಿ ಮಾಡಿದರೆ ಯಾರ ತಕರಾರೂ ಇಲ್ಲ. ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸ ಸಿಗುತ್ತದೆ. ಅದೇ 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯ ಕುರ್ಚಿಯಲ್ಲಿ ಕೂತರು. 2013ರಲ್ಲಿ ಸುದೀಪ್ ನಡೆಸಿದ ಕನ್ನಡ ‘ಬಿಗ್ ಬಾಸ್’ ಶುರುವಾಯಿತು. ಆ ಮೊದಲ ಕನ್ನಡ ಮನೆ ಇದ್ದದ್ದು ಮಹಾರಾಷ್ಟ್ರದ ಲೋನಾವಳದಲ್ಲಿ. ಬಿಡದಿಗೆ ಬಂದದ್ದು ಆಮೇಲೆ.

ಇದಕ್ಕೆ ತುಸು ಮೊದಲು ಸುವರ್ಣ ವಾಹಿನಿಯಲ್ಲಿ ಬಂದ ಎರಡು ಕಾರ್ಯಕ್ರಮಗಳ ಹತ್ತಿರ ಸ್ವಲ್ಪ ನಿಲ್ಲಬೇಕು. ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಪಟ್ಟಣದ ಹುಡುಗಿಯರನ್ನು ಹಳ್ಳಿಗೆ ತಂದು ಸಗಣಿ ಬಾಚಿಸಿತು, ನೀರು ಹೊರಿಸಿತು. ಅದರ ತಿರುವುಮುರುವು ‘ಹಳ್ಳಿ ಹೈದ ಪ್ಯಾಟೆಗ್ ಬಂದ’. ನಮ್ಮ ಹಳ್ಳಿಗಳಲ್ಲಿ ಮೊದಲನೆಯದನ್ನು ಜನ ಮನಸಾರೆ ನಕ್ಕು ನೋಡಿದರು. ಹಸುವಿನ ಕೆಚ್ಚಲು ಹಿಡಿಯಲು ಹೆದರುವ ಹುಡುಗಿಯನ್ನು ನೋಡಿ ನಗುವ ಸರದಿ ಒಮ್ಮೆಯಾದರೂ ನಮ್ಮದಾಯಿತಲ್ಲ ಎಂಬ ಸಮಾಧಾನ ಅದರಲ್ಲಿತ್ತು. ಎರಡನೆಯದರಲ್ಲಿ ನಗುವವರು ಬದಲಾದರು. ಎಚ್.ಡಿ. ಕೋಟೆ ಕಾಡಂಚಿನ ಹಾಡಿಯಿಂದ ಬಂದ ರಾಜೇಶ್ ಎಂಬ ಯುವಕ ಆ ಸ್ಪರ್ಧೆ ಗೆದ್ದರು. ‘ಜಂಗಲ್ ಜಾಕಿ’ ಎಂಬ ಚಿತ್ರಕ್ಕೆ ನಾಯಕರೂ ಆದರು. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡರು. ಒಂದು ಸಾವಿಗೆ ಹೊರಗೆ ಕೂತು ಒಂದೇ ಕಾರಣ ಹಚ್ಚುವುದು ತಪ್ಪು, ನಾನು ಹಚ್ಚುವುದಿಲ್ಲ. ಕೇಳಬಹುದಾದ ಪ್ರಶ್ನೆ ಬೇರೆ. ಕಾಡಿನ ಬದುಕಿನಿಂದ ಒಬ್ಬನನ್ನು ಎತ್ತಿ ತಂದು, ಪೇಟೆಯ ದೀಪದ ಕೆಳಗೆ ಕೆಲವು ತಿಂಗಳು ಕುಣಿಸಿ, ಮುಂದಿನ ಶೋ ಬಂದಾಗ ಕೈಬಿಡುವಾಗ, ಆ ವ್ಯಕ್ತಿ ಆಮೇಲೆ ಎಲ್ಲಿ ಬದುಕಬೇಕು ಎಂದು ಯಾರಾದರೂ ಯೋಚಿಸಿರುತ್ತಾರೆಯೇ? ಹಾಡಿಗೂ ಪೂರ್ತಿ ವಾಪಸ್ಸು ಹೋಗಲಾಗದು, ಪೇಟೆಯೂ ಪೂರ್ತಿ ಒಳಗೆ ಬಿಟ್ಟುಕೊಳ್ಳದು.

ಗುಬ್ಬಿ ಕಂಪನಿ ಏನು ಮಾಡುತ್ತಿತ್ತು? ಅದನ್ನು ಸ್ವರ್ಗ ಎಂದು ಹೇಳಲು ಹೊರಟಿಲ್ಲ. ಕಂಪನಿ ಬದುಕಿನಲ್ಲಿ ಹಸಿವು, ಜಗಳ, ಸಾಲ ಎಲ್ಲವೂ ಇದ್ದವು. ಆದರೆ ಮನೆ ಬಿಟ್ಟು ಓಡಿ ಬಂದು ಸೇರಿಕೊಂಡ ಮಂಚಿಯ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲು ಕಾಶಿಗೆ ಕಳಿಸಿದರು. ವೇದಿಕೆ ಹತ್ತಿಸಿದವನಿಗೆ ವೇದಿಕೆಯ ಹೊರಗಿನ ಬದುಕೂ ನನ್ನ ಜವಾಬ್ದಾರಿ ಎಂಬ ಲೆಕ್ಕ ಅದು. ಚಾನೆಲ್ಲಿನ ಕರಾರಿನಲ್ಲಿ ಈ ಲೆಕ್ಕಕ್ಕೆ ಕಾಲಮ್ಮು ಇದ್ದಂತೆ ಕಾಣುವುದಿಲ್ಲ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರು ಎಡಿಟಿಂಗ್ ರೂಮಿನಲ್ಲಿ ಅರ್ಧ ದಿನ ಕೂತು ನೋಡಬೇಕು. ಬಿಗ್ ಬಾಸ್ ಮನೆಯಲ್ಲಿ ಹತ್ತಾರು ಕ್ಯಾಮೆರಾ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತವೆ. ರಾತ್ರಿ ನಮಗೆ ಸಿಗುವುದು ಜಾಹೀರಾತೂ ಸೇರಿ ಒಂದೂವರೆ ಗಂಟೆಯೊಳಗಿನ ಕಂತು. ಒಬ್ಬಾಕೆ ಬೆಳಗ್ಗೆ ಎಲ್ಲರಿಗೂ ಕಾಫಿ ಮಾಡಿ ಕೊಟ್ಟಳು, ಮಧ್ಯಾಹ್ನ ಪಾತ್ರೆ ತೊಳೆದಳು, ಸಂಜೆ ಒಂದು ಮಾತಿಗೆ ಸಿಡುಕಿದಳು ಎಂದುಕೊಳ್ಳಿ. ಕಾಫಿ, ಪಾತ್ರೆ ಬಿದ್ದುಹೋಗುತ್ತವೆ, ಸಿಡುಕು ಮಾತ್ರ ಪ್ರೋಮೊ ಆಗುತ್ತದೆ. ತೋರಿಸಿದ್ದರಲ್ಲಿ ಒಂದೂ ಸುಳ್ಳಿಲ್ಲ. ಸಿಡುಕಿದ ಮರುಕ್ಷಣ ಬೇರೆಯವರ ಮುಖ ತೋರಿಸಿ ಹಿಂದೆ ‘ಢಂ’ ಎಂದು ಸದ್ದು ಹಾಕಿದರೆ, ಆ ಮುಖ ಅದೇ ಮಾತಿಗೆ ಹಾಗಾಯಿತು ಎಂದು ನಾವೇ ಜೋಡಿಸಿಕೊಳ್ಳುತ್ತೇವೆ. ವಾರಾಂತ್ಯದಲ್ಲಿ ಸುದೀಪ್ ಬಂದು ಪಂಚಾಯ್ತಿ ನಡೆಸಿದಾಗ ನಾವು ತೀರ್ಪು ಕೊಟ್ಟು ಆಗಿರುತ್ತದೆ. ಇದರ ಹಿಂದೆ ಗುರುವಾರ ಹೊರಬೀಳುವ ಟಿಆರ್‌ಪಿ ಇದೆ. ದೇಶದಾದ್ಯಂತ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳ ಟೀವಿಗೆ ಕೂರಿಸಿದ ಮೀಟರು ಹೇಳಿದ್ದೇ ವೇದವಾಕ್ಯ. ಜಗಳದ ದಿನ ಸೂಜಿ ಮೇಲೇರಿದರೆ, ಮುಂದಿನ ವಾರ ಜಗಳಕ್ಕೆ ಅನುಕೂಲವಾಗುವ ಟಾಸ್ಕು ಬರುತ್ತದೆ. ಅದಕ್ಕೆ ಯಾರೂ ಪಿತೂರಿ ಮಾಡಬೇಕಾಗಿಲ್ಲ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. 2020ರ ಸುಮಾರಿಗೆ ಜೀ ಕನ್ನಡದ ‘ಸರಿಗಮಪ’ ವೇದಿಕೆಗೆ ಮಧುಗಿರಿ ಕಡೆಯ ಇಬ್ಬರು ಅಂಧ ಸಹೋದರಿಯರು ಬಂದರು. ಅವರು ಮಧುಗಿರಿಯ ದಂಡಿನ ಮಾರಮ್ಮನ ಗುಡಿಯ ಮುಂದೆ ಹಾಡಿ ಹೊಟ್ಟೆ ಹೊರೆಯುತ್ತಿದ್ದವರು. ಸ್ಟುಡಿಯೊದಲ್ಲಿ ಹಾಡಿದ್ದನ್ನು ನಾಡೇ ಕೇಳಿತು. ಜಿಲ್ಲೆಯವರೇ ಆದ ನಟ ಜಗ್ಗೇಶ್ ಆ ಸಹೋದರಿಯರಿಗೆ ಮನೆ ಕಟ್ಟಿಸಿಕೊಟ್ಟರು. ರಿಯಾಲಿಟಿ ಶೋಗಳನ್ನು ಒಟ್ಟಾಗಿ ಬೈಯುವವರು ಈ ಮನೆಯ ಮುಂದೆ ಬಂದು ಬೈಯಬೇಕು. ಮಾರಮ್ಮನ ಗುಡಿಗೆ ಹೋಗಿಬರುವ ಸಾವಿರಾರು ಜನ ಆ ದನಿಯನ್ನು ವರ್ಷಗಟ್ಟಲೆ ಕೇಳಿ ಚಿಲ್ಲರೆ ಹಾಕಿ ಮುಂದೆ ಹೋಗಿದ್ದರು. ಅದೇ ದನಿಗೆ ಒಳ್ಳೆಯ ಮೈಕು, ಒಳ್ಳೆಯ ವಾದ್ಯವೃಂದ, ಕಣ್ಣೀರು ತುಂಬಿದ ತೀರ್ಪುಗಾರರ ಮುಖ ಸೇರಿದಾಗ ಮಾತ್ರ ನಮಗೆ ಸೂರಿನ ನೆನಪಾಯಿತು. ಚಾನೆಲ್ಲನ್ನು ಹೊಗಳುವ ಮಾತಿದು. ನಮ್ಮನ್ನು ಬೈಯುವ ಮಾತೂ ಹೌದು.

ಆದರೆ ಇದರ ಬೆನ್ನಿಗೆ ಒಂದು ಚಾಳಿ ಬೆಳೆಯಿತು. ಹಾಡುವ ಹುಡುಗಿ ಹಾಡುವ ಮೊದಲು ಅವಳ ಬಡತನದ ವಿಡಿಯೊ ಬರಬೇಕು. ಸೋರುವ ಹೆಂಚು, ತಾಯಿಯ ಬೀಡಿ ಕಟ್ಟುವ ಕೈ, ತಂದೆಯ ಹಳೆಯ ಟಿವಿಎಸ್ ಮೊಪೆಡ್ಡು. ನಿಧಾನಕ್ಕೆ ಚಲಿಸುವ ಚಿತ್ರ, ಹಿಂದೆ ಆಲಾಪ. ಚೆನ್ನಾಗಿ ಓದಿಕೊಂಡು, ಸಂಗೀತ ಕಲಿತು, ಊಟಕ್ಕೆ ತೊಂದರೆಯಿಲ್ಲದ ಮನೆಯಿಂದ ಬಂದ ಹುಡುಗಿ ಪಾಪ, ಹೇಳಿಕೊಳ್ಳಲು ಕಷ್ಟವಿಲ್ಲದೆ ಸುಮ್ಮನೆ ಹಾಡಿ ಹೋಗಬೇಕು. ಕಷ್ಟ ಅರ್ಹತೆಯಾದ ಮೇಲೆ ಜನ ಅದನ್ನು ಸ್ವಲ್ಪ ಹಿಗ್ಗಿಸಿ ಹೇಳಲು ಕಲಿಯುತ್ತಾರೆ. ಕಲಿತವರನ್ನು ನಾಟಕ ಮಾಡುತ್ತಾರೆ ಎಂದು ದೂರುವವರೂ ನಾವೇ.

ಪಾವಗಡದ ಮಂಜು ಅವರ ಕತೆ ಇನ್ನೊಂದು ಬಗೆಯದು. ‘ಮಜಾಭಾರತ’ದ ಸ್ಕಿಟ್ಟುಗಳಲ್ಲಿ ನಗಿಸಿ ಬೆಳೆದು, 2021ರಲ್ಲಿ ಬಿಗ್ ಬಾಸ್‌ನ ಎಂಟನೇ ಸೀಸನ್ ಗೆದ್ದರು. ಕೊರೊನಾ ಲಾಕ್‌ಡೌನಿನಿಂದ ಮನೆಯನ್ನೇ ಅರ್ಧಕ್ಕೆ ಖಾಲಿ ಮಾಡಿಸಿ ಮತ್ತೆ ತುಂಬಿದ ವಿಚಿತ್ರ ಸೀಸನ್ ಅದು. ಪಾವಗಡವೆಂದರೆ ಬರ, ಫ್ಲೋರೈಡ್ ನೀರು, ಆಮೇಲೆ ಸೋಲಾರ್ ಪಾರ್ಕು ಎಂದಷ್ಟೇ ಗೊತ್ತಿದ್ದ ಜನಕ್ಕೆ ಆ ಊರಿನ ಮಾತಿನ ಧಾಟಿ ಕಿವಿಗೆ ಬಿತ್ತು. ಈ ಕಾರ್ಯಕ್ರಮಗಳು ಮಾಡಿದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ. ಅದಕ್ಕೂ ಮೊದಲು ಟೀವಿಯಲ್ಲಿ ಮಾತಾಡುವ ಕನ್ನಡ ಒಂದೇ ಇತ್ತು. ಉಳಿದ ಕನ್ನಡಗಳು ಬಂದರೆ ಮನೆಗೆಲಸದವಳ ಪಾತ್ರಕ್ಕೋ ಪೆದ್ದನ ಪಾತ್ರಕ್ಕೋ ಬರಬೇಕಿತ್ತು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯಿಂದ ಬಂದ, ಕುರಿ ಕಾಯುತ್ತಿದ್ದ ಹನುಮಂತ ಮೊದಲು ‘ಸರಿಗಮಪ’ದಲ್ಲಿ ಹಾಡಿ, 2025ರ ಜನವರಿಯಲ್ಲಿ ಬಿಗ್ ಬಾಸ್‌ನ ಹನ್ನೊಂದನೇ ಸೀಸನ್ ಗೆದ್ದಾಗಲೂ ಲುಂಗಿಯನ್ನೂ ಹಾವೇರಿ ಸೀಮೆಯ ಮಾತನ್ನೂ ಬಿಡಲಿಲ್ಲ. ಅವರಿಗೆ ಬಿದ್ದ ಮತ ಐದು ಕೋಟಿಗೂ ಹೆಚ್ಚು ಎಂದು ಘೋಷಿಸಲಾಯಿತು. 2024ರ ಲೋಕಸಭೆ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರ ಪಟ್ಟಿಯಲ್ಲಿದ್ದದ್ದು ಸುಮಾರು ಐದೂವರೆ ಕೋಟಿ ಹೆಸರು. ಒಬ್ಬರೇ ಹಲವು ಮತ ಒತ್ತಬಹುದಾದ ಆಟ ಇದು ಎಂದು ಗೊತ್ತಿದ್ದರೂ, ಬೂತಿಗೆ ಹೋಗಲು ಸೋಮಾರಿಯಾದ ಬೆರಳು ಇಲ್ಲಿ ಎಷ್ಟು ಚುರುಕು ಎಂದು ಬೆರಗಾಗುತ್ತದೆ.

ಇನ್ನೊಬ್ಬರು ನಮ್ಮ ಜಿಲ್ಲೆಯವರಲ್ಲ, ಆದರೆ ಅವರ ಕತೆಯ ಒಂದು ಅಂಕ ಇಲ್ಲೇ ನಡೆಯಿತು. ಮಳವಳ್ಳಿ ತಾಲ್ಲೂಕಿನ ಪ್ರತಾಪ್ ಡ್ರೋನ್ ತಯಾರಿಸಿದ್ದಾಗಿ ಹೇಳಿಕೊಂಡು ನಾಡಿನ ಹೆಮ್ಮೆಯಾದರು. 2020ರಲ್ಲಿ ಆ ಮಾತುಗಳು ಪ್ರಶ್ನೆಗೆ ಸಿಕ್ಕಿ, ಹಾಡಿ ಹೊಗಳಿದವರಿಂದಲೇ ಟ್ರೋಲ್ ಆದರು. 2023ರಲ್ಲಿ ಬಿಗ್ ಬಾಸ್ ಮನೆ ಹೊಕ್ಕು, ಮಿತಭಾಷಿ ನೊಂದ ಹುಡುಗನಾಗಿ ಕಂಡು, ಎರಡನೇ ಸ್ಥಾನ ಪಡೆದರು. ನೂರು ಚಿಲ್ಲರೆ ದಿನದಲ್ಲಿ ಒಬ್ಬ ಮನುಷ್ಯನ ಬಗ್ಗೆ ಊರಿನ ಅಭಿಪ್ರಾಯವನ್ನು ತಿರುಗಿಸಿ ನಿಲ್ಲಿಸುವ ಶಕ್ತಿ ಈ ಯಂತ್ರಕ್ಕಿದೆ. 2024ರ ಡಿಸೆಂಬರಿನಲ್ಲಿ ಮಧುಗಿರಿ ತಾಲ್ಲೂಕಿನ ಜನಕಲೋಟಿಯ ಕೃಷಿಹೊಂಡಕ್ಕೆ ಸೋಡಿಯಂ ಹಾಕಿ ಸ್ಫೋಟಿಸಿದ ವಿಡಿಯೊ ಹೊರಬಂತು, ಮಿಡಿಗೇಶಿ ಪೊಲೀಸರು ಅವರನ್ನು ಬಂಧಿಸಿದರು. ಸೋಡಿಯಂ ನೀರು ಸೇರಿದರೆ ಜಲಜನಕ ಹುಟ್ಟಿ ಬಿಸಿಗೆ ಹತ್ತಿಕೊಳ್ಳುತ್ತದೆ ಎಂಬುದು ಹೈಸ್ಕೂಲಿನ ಪಾಠ, ಮೇಷ್ಟ್ರು ಅದನ್ನು ಕಡಲೆಕಾಳಿನಷ್ಟು ಚೂರು ಹಾಕಿ ತೋರಿಸುತ್ತಾರೆ. ಹೊಂಡದಷ್ಟು ದೊಡ್ಡದಾಗಿ ಯಾಕೆ ತೋರಿಸಬೇಕಾಯಿತು? ಕೇಸಿನ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ನನಗೆ ಕಾಣುವುದು ಬಣ್ಣ ತೊಳೆದು ಹೋಗದ ಪಾತ್ರಧಾರಿಯ ಪಾಡು. ಸೀಸನ್ ಮುಗಿದ ಮೇಲೂ ಪ್ರತಿವಾರ ಕಂತು ಕೊಡುತ್ತಲೇ ಇರಬೇಕು, ಮತ್ತು ಹೋದ ವಾರದ್ದಕ್ಕಿಂತ ದೊಡ್ಡದಿರಬೇಕು.

ಬಿಗ್ ಬಾಸಿನಷ್ಟು ಚರ್ಚೆಯಾಗದ, ಆದರೆ ಹಳ್ಳಿ ಬದುಕಿಗೆ ಇನ್ನೂ ಹತ್ತಿರ ಬಂದು ಕೈಹಾಕಿದ ಕಾರ್ಯಕ್ರಮಗಳಿದ್ದವು. ಜೀ ಕನ್ನಡದಲ್ಲಿ ಮಾಳವಿಕಾ ನಡೆಸಿದ ‘ಬದುಕು ಜಟಕಾ ಬಂಡಿ’, ಸುವರ್ಣದಲ್ಲಿ ನಟಿ ಲಕ್ಷ್ಮಿ ನಡೆಸಿದ ‘ಇದು ಕಥೆಯಲ್ಲ ಜೀವನ’. ಗಂಡ ಹೆಂಡಿರ ವ್ಯಾಜ್ಯ, ಓಡಿಹೋದ ಮಗಳು, ಆಸ್ತಿಗಾಗಿ ಬೀದಿಗೆ ಬಿದ್ದ ಅಪ್ಪ. ಇವೆಲ್ಲ ಮೊದಲು ಅರಳಿಕಟ್ಟೆಯ ಪಂಚಾಯ್ತಿಗೆ ಬರುತ್ತಿದ್ದ ಸಂಗತಿಗಳು. ಆ ಪಂಚಾಯ್ತಿಗೆ ಅದರದೇ ಕ್ರೌರ್ಯ, ಜಾತಿ, ಗಂಡಸರ ದರ್ಬಾರು ಇದ್ದವು. ಅದನ್ನು ತಪ್ಪಿಸಿಕೊಂಡು ಕೆಲವು ಹೆಂಗಸರು ಸ್ಟುಡಿಯೊ ಮೆಟ್ಟಿಲು ಹತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಒಬ್ಬ ಹೆಂಗಸು ಅವರ ಮಾತನ್ನು ಕೊನೆತನಕ ಕೇಳುತ್ತಿದ್ದಳು. ಆದರೆ ಕಟ್ಟೆಯ ಮೇಲೆ ಕೂತ ಯಜಮಾನನಿಗೆ ನಾಳೆ ಅದೇ ಬೀದಿಯಲ್ಲಿ ಆ ದಂಪತಿಯ ಮುಖ ನೋಡಬೇಕು. ಸ್ಟುಡಿಯೊಗೆ ಹಾಗಿಲ್ಲ. ತೀರ್ಮಾನ ಹೇಳಿ ಲೈಟು ಆರಿಸಿದರೆ ಮುಗಿಯಿತು, ಊರಿಗೆ ಮರಳಿದ ಹೆಂಗಸಿನ ಜಗಳವನ್ನು ಈಗ ಮೂರು ತಾಲ್ಲೂಕು ನೋಡಿರುತ್ತದೆ. ಅಂಥದೇ ಕಾರ್ಯಕ್ರಮವೊಂದನ್ನು ಇಂಗ್ಲೆಂಡಿನಲ್ಲಿ 2019ರಲ್ಲಿ, ಪಾಲ್ಗೊಂಡ ವ್ಯಕ್ತಿಯೊಬ್ಬನ ಸಾವಿನ ನಂತರ, ಶಾಶ್ವತವಾಗಿ ನಿಲ್ಲಿಸಲಾಯಿತು.

ಪ್ರಭಾವ ಎಂದರೆ ಬರೀ ಕೆಡುಕಿನ ಪ್ರಭಾವ ಎಂದೇ ನಾವು ಓದಿಕೊಳ್ಳುತ್ತೇವೆ. 2023ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಮನೆಯಲ್ಲಿದ್ದ ಸ್ಪರ್ಧಿಯೊಬ್ಬರ ಕೊರಳಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ಕಂಡು ಅರಣ್ಯ ಇಲಾಖೆಯವರು ಬಂದು ಬಂಧಿಸಿದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಐವತ್ತು ವರ್ಷ ಇಲಾಖೆಯ ಬೋರ್ಡುಗಳು ಹೇಳಲಾರದ್ದನ್ನು ಒಂದು ಕಂತು ಹೇಳಿತು. ಚಿರತೆ ಓಡಾಡುವ ಕಾಡು ಸುತ್ತ ಇರುವ ನಮ್ಮ ದೇವರಾಯನದುರ್ಗದ ಸೀಮೆಯಲ್ಲೂ ತಾತನ ಕಾಲದ ಉಗುರಿನ ಬಗ್ಗೆ ಪಿಸುಮಾತು ಹುಟ್ಟಿತು. ಹಲವು ನಟರ, ಗಣ್ಯರ ಕೊರಳಿನ ಫೋಟೊಗಳು ಹೊರಬಂದವು, ಇಂಥ ವಸ್ತುಗಳನ್ನು ಒಪ್ಪಿಸಲು ಸರ್ಕಾರ ಒಂದು ಅವಕಾಶವನ್ನೂ ಕೊಟ್ಟಿತು. 2024ರಲ್ಲಿ ಬಿಗ್ ಬಾಸ್ ಮನೆಯನ್ನು ಸ್ವರ್ಗ, ನರಕ ಎಂದು ಪಾಲು ಮಾಡಿದಾಗ ರಾಜ್ಯ ಮಹಿಳಾ ಆಯೋಗ ಆಕ್ಷೇಪ ಎತ್ತಿತು. 2025ರ ಅಕ್ಟೋಬರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬಿಡದಿಯ ಸ್ಟುಡಿಯೊಗೇ ಬೀಗ ಬಿತ್ತು. ಕೊಳಚೆ ನೀರಿನ ಕಾರಣಕ್ಕೆ ಬಿದ್ದ ಆ ಬೀಗ ತೆಗೆಸಲು ಉಪ ಮುಖ್ಯಮಂತ್ರಿಗಳೇ ಮಾತಾಡಿದರು, ಒಂದೆರಡು ದಿನದಲ್ಲಿ ಬಾಗಿಲು ತೆರೆಯಿತು. ತುಮಕೂರಿನ ಸುತ್ತಮುತ್ತ ಕೊಳಚೆ ಸೇರುವ ಕೆರೆಗಳ ಪಕ್ಕ ಬದುಕುವವರು ಆ ವೇಗವನ್ನು ನೋಡಿ ಏನಂದುಕೊಂಡರೋ.

ಮಕ್ಕಳ ವಿಷಯದಲ್ಲಿ ನಾನು ಇಷ್ಟು ಸಡಿಲವಾಗಿ ಮಾತಾಡಲಾರೆ. 2016ರಲ್ಲಿ ‘ಡ್ರಾಮಾ ಜೂನಿಯರ್ಸ್’ ಬಂದಾಗ ಆ ಮಕ್ಕಳ ನೆನಪಿನ ಶಕ್ತಿ, ಮಾತಿನ ಓಟ ಕಂಡು ಬೆರಗಾದವರಲ್ಲಿ ನಾನೂ ಒಬ್ಬ. ಅದರ ಜೊತೆಗೆ, ಊರಿನ ಶಾಲಾ ವಾರ್ಷಿಕೋತ್ಸವದಲ್ಲಿ ಆರು ವರ್ಷದ ಮಗುವಿಗೆ ಹೆಂಡತಿಯನ್ನು ಬೈಯುವ ಗಂಡನ ಸ್ಕಿಟ್ಟು ಕಲಿಸುವ ಅಪ್ಪ ಅಮ್ಮಂದಿರೂ ಹೆಚ್ಚಾದರು. 2008ರಲ್ಲಿ ಬಂಗಾಳಿ ಶೋ ಒಂದರಲ್ಲಿ ತೀರ್ಪುಗಾರರ ಬೈಗುಳ ಕೇಳಿದ ಹದಿನಾರರ ಹುಡುಗಿಯೊಬ್ಬಳು ಮಾತು, ಚಲನೆ ಎರಡೂ ಕಳೆದುಕೊಂಡ ಸ್ಥಿತಿಗೆ ಹೋಗಿ, ಚಿಕಿತ್ಸೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದಿದ್ದಳು. ಕಾನೂನು ಸುಮ್ಮನೆ ಕೂತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ, 2017ರ ನಿಯಮಗಳ ಪ್ರಕಾರ ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ ಇಪ್ಪತ್ತೇಳು ದಿನ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯ ಕನಿಷ್ಠ ಇಪ್ಪತ್ತು ಪರ್ಸೆಂಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವನ್ನು ಆಡಿಷನ್ನಿಗೆ ಕರೆದೊಯ್ಯುವ ತಾಯ್ತಂದೆಯರು ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಸೆಲ್ಫಿ ಆಮೇಲೆ ತೆಗೆದುಕೊಳ್ಳಬಹುದು.

ಈಗ ಆಡಿಷನ್ನೂ ಬೇಕಿಲ್ಲ. ಭಾನುವಾರ ದೇವರಾಯನದುರ್ಗಕ್ಕೆ ಹೋಗಿ ನೋಡಿ. ಭೋಗನರಸಿಂಹನ ಗುಡಿಯ ಬಳಿ ಬೈಕು ನಿಲ್ಲಿಸಿ, ಯೋಗನರಸಿಂಹನ ಮೆಟ್ಟಿಲು ಹತ್ತುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ದೇವರಿಗೆ ಬೆನ್ನು ಹಾಕಿ ಫೋನಿಗೆ ಮುಖ ಮಾಡಿರುತ್ತಾರೆ. ಬಂಡೆಯ ತುದಿಗೆ ಕಾಲು ಇಳಿಬಿಟ್ಟು ಕೂರುವುದು, ನಾಮದ ಚಿಲುಮೆಯ ಕಾಡಿನ ತಿರುವಿನಲ್ಲಿ ಬೈಕನ್ನು ವಾಲಿಸುವುದು, ಮದುವೆಗೆ ಮೊದಲಿನ ಫೋಟೊಶೂಟು. ಪ್ರತಿಯೊಬ್ಬರೂ ತಮ್ಮದೇ ಶೋನ ಸ್ಪರ್ಧಿ, ಕ್ಯಾಮೆರಾಮನ್, ಎಡಿಟರು. ಇವರನ್ನು ಕಂಡು ಸಿಡಿಮಿಡಿಗೊಳ್ಳುವ ಹಿರಿಯರಲ್ಲಿ ಕೆಲವರು ಮೂವತ್ತು ವರ್ಷದ ಹಿಂದೆ ಕರ್ಣನ ಪಾತ್ರಕ್ಕೆ ಒಂದು ಎಮ್ಮೆ ಮಾರಿದ್ದವರು, ಅದನ್ನೂ ನೆನಪಿಡೋಣ. ಕಾಣಿಸಿಕೊಳ್ಳಬೇಕೆಂಬ ಆಸೆಯನ್ನು ಟೀವಿ ಹುಟ್ಟಿಸಲಿಲ್ಲ. ಆಸೆಯ ಸುತ್ತ ಇದ್ದ ಏರ್ಪಾಡನ್ನು ಮಾತ್ರ ಅದು ಬದಲಿಸಿತು. ಕರ್ಣನ ಪಾತ್ರಧಾರಿಗೆ ಸ್ವರ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಎತ್ತಿಕೊಡುತ್ತಿದ್ದರು, ಮಾತು ಮರೆತರೆ ಸೈಡ್‌ವಿಂಗಿನಿಂದ ಯಾರೋ ಪಿಸುಗುಟ್ಟುತ್ತಿದ್ದರು. ಬಂಡೆಯ ತುದಿಯಲ್ಲಿ ಕೂತ ಹುಡುಗನ ಹಿಂದೆ ಯಾರೂ ಇಲ್ಲ.

ಚಾನೆಲ್ಲುಗಳನ್ನು ಮುಚ್ಚಿಸಿ ಎನ್ನುವ ಮಾತಿನಲ್ಲಿ ನನಗೆ ಆಸಕ್ತಿಯಿಲ್ಲ. ಆಗದ ಮಾತು ಅದು, ಆಗಬೇಕಾದದ್ದೂ ಅಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರ ಏಪ್ರಿಲ್‌ನಿಂದ ಒಂದು ನಿಯಮ ಜಾರಿಗೆ ತಂದಿದೆ. ಕಾರ್ಯಕ್ರಮದಲ್ಲಿ ಪಾಲ್ಗೊಳ್ಳುವುದರಿಂದ ಯಾರಿಗಾದರೂ ಹಾನಿಯಾಗುವ ಸಂಭವವಿದ್ದರೆ ಅವರ ಕ್ಷೇಮ ನೋಡಿಕೊಳ್ಳುವುದು ಪ್ರಸಾರ ಮಾಡುವವರ ಹೊಣೆ, ಮತ್ತು ಪಾಲ್ಗೊಂಡರೆ ಏನೇನು ಎದುರಾಗಬಹುದು ಎಂದು ಮೊದಲೇ ತಿಳಿಸಬೇಕು. ನಮ್ಮಲ್ಲಿ 1995ರ ಕೇಬಲ್ ಟೀವಿ ಕಾಯ್ದೆಯಡಿ ಕಾರ್ಯಕ್ರಮ ಸಂಹಿತೆ ಇದೆ, 2011ರಿಂದ ಪ್ರಸಾರಕರದೇ ದೂರು ಮಂಡಳಿಯೂ ಇದೆ. ಅವುಗಳ ಹೆಚ್ಚಿನ ಕಾಳಜಿ ನೋಡುವವರ ಬಗ್ಗೆ, ಅಂದರೆ ನಾವು ಏನು ನೋಡಬಾರದು ಎಂಬುದರ ಬಗ್ಗೆ. ಗಾಜಿನ ಆಚೆ ಇರುವವರ ಬಗ್ಗೆಯೂ ಒಂದು ಅಧ್ಯಾಯ ಬರೆಯಲಿ. ಕರಾರು ಪತ್ರ ಸ್ಪರ್ಧಿಗೆ ಬರುವ ಕನ್ನಡದಲ್ಲಿರಲಿ. ಸಹಿಗೆ ಮೊದಲು, ಚಾನೆಲ್ಲಿನ ಸಂಬಳ ಪಡೆಯದ ಒಬ್ಬ ವಕೀಲರು ಅದನ್ನು ಓದಿ ಹೇಳಲಿ. ನಿಮ್ಮ ಮಾತನ್ನು ಹೇಗೆ ಬೇಕಾದರೂ ಕತ್ತರಿಸಿ ಜೋಡಿಸುವ ಹಕ್ಕು ನಮ್ಮದು ಎಂಬ ಸಾಲಿದ್ದರೆ ಅದನ್ನು ಎರಡು ಸಲ ಓದಲಿ. ಶೋ ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಮನೋವೈದ್ಯರ ಖರ್ಚು ಚಾನೆಲ್ಲಿನದೇ ಇರಲಿ, ಗೆದ್ದವರಿಗಷ್ಟೇ ಅಲ್ಲ, ಮೊದಲ ವಾರ ಹೊರಬಿದ್ದವರಿಗೂ. ದುರ್ಯೋಧನನ ಪಾತ್ರಕ್ಕೆ ಎಷ್ಟು ಎಂದು ನಮ್ಮ ಹಳ್ಳಿಯವರು ಮೊದಲೇ ಕೇಳಿ ತಿಳಿದುಕೊಳ್ಳುತ್ತಾರೆ. ಆಡಿಷನ್ ಕ್ಯೂನಲ್ಲಿ ನಿಂತವರಿಗೂ ಅಷ್ಟು ಕೇಳುವ ಹಕ್ಕು ಸಿಗಲಿ.